ಭಾನುವಾರ ಮಾಡೆಲ್ ಜೆಟ್ ತರೋರು ಸಿಜಿ (ತೂಕ ಸಮ ನಿಲ್ಲೋ ಜಾಗ) ನೋಡ್ಕೊಂಡು ಬರ್ರಿ

ಮಾಡೆಲ್ ವಿಮಾನ ಹಾರಿಸೋ ಬೆಳಗಾವಿ ಗುಂಪಿನವರ ಗಮನಕ್ಕ: ಇಡಿಎಫ್ (ಕೊಳವಿಯೊಳಗಿನ ಕರೆಂಟ್ ಫ್ಯಾನಿನ) ಜೆಟ್‌ನ ಸಿಜಿ ಮನ್ಯಾಗ ನೋಡ್ರಿ, ಮೈದಾನದಾಗಲ್ಲ. ಬ್ಯಾಟರಿ, ಕ್ಯಾನೊಪಿ (ಕಾಕ್‌ಪಿಟ್ ಮುಚ್ಚಳ) ಹಾಕಿ, ಗೇರ್ (ಗಾಲಿ) ಕೆಳಗಿಳಿಸಿ ಅಳೀರಿ. ರೆಕ್ಕೆ ಕೆಳಗಿರೋ ಮಾಡೆಲ್ ಇದ್ರ ಬೋರಲು ಹಾಕಿ ಸಿಜಿ ಜಾಗಕ್ಕ ಬೆರಳಿಟ್ಟು ಎತ್ತಬೇಕು. ಕೈಪಿಡಿಯೊಳಗಿನ ಸಿಜಿ ಅಳತೆ ಸಾಮಾನ್ಯವಾಗಿ ರೆಕ್ಕೆ ಬುಡದ ಮುಂದಿನ ಅಂಚಿನಿಂದ. ಹಿಂದಕ್ಕ ವಾಲಿದ ರೆಕ್ಕೆಯ ತುದಿಯಿಂದ ಅಳೆದ್ರ ಲೆಕ್ಕ ಪೂರಾ ತಪ್ತದ.

ಬಾಲ ಭಾರ ಬಂದ್ರ ಮೂಗಿಗೆ ಸೀಸ ಅಂಟಿಸೋ ಮೊದಲು ಬ್ಯಾಟರಿ ಸರಿಸ್ರಿ. 1,200 ಗ್ರಾಂ ಜೆಟ್‌ನಾಗ 300 ಗ್ರಾಂ ಬ್ಯಾಟರಿ 20 ಮಿ.ಮೀ. ಮುಂದ ಹೋದ್ರ ಸಿಜಿ 5 ಮಿ.ಮೀ. ಮುಂದ ಬರ್ತದ. ಆ ಜಾಗಕ್ಕ ಮಾರ್ಕರ್ ಗೆರಿ ಹಾಕಿ, ವೆಲ್ಕ್ರೋ ಬಿಗೀರಿ. ಥ್ರಾಟಲ್ ಕೊಟ್ಟಾಗ ಬ್ಯಾಟರಿ ಹಿಂದ ಜಾರಿದ್ರ ಮೂಗು ಮ್ಯಾಲೆದ್ದು ಸ್ಟಾಲ್ ಆಗ್ತದ (ರೆಕ್ಕೆ ಎತ್ತೋ ಬಲ ಕಳಕೋತದ). ಮೂಗು ತುಸು ಭಾರ ಇದ್ರ ಲ್ಯಾಂಡಿಂಗ್ ಜೋರಾಗ್ತದ ಅಷ್ಟ, ಜೆಟ್ ಉಳೀತದ.

ಸಾಂಬ್ರಾ ವಿಮಾನ ನಿಲ್ದಾಣದ ಕಡೆ ಟೆಸ್ಟ್ ಹಾರಾಟ ಬ್ಯಾಡೇ ಬ್ಯಾಡ.