ಮೊದಲ ಮನೆಗೆ ಕಡಿತ ಬೇಡ, ಕ್ರೆಡಿಟ್ ಕೊಡಿ: ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ ಮೇಡಂ. ನೀವು ಕರ್ನಾಟಕದಿಂದ ರಾಜ್ಯಸಭೆಗೆ ಆರಿಸಿ ಹೋದವರು. ಆ ಸಲಿಗೆಯಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

2019ರ ನಿಮ್ಮ ಮೊದಲ ಬಜೆಟ್‌ನಲ್ಲೇ ಆದಾಯ ತೆರಿಗೆ ಕಾಯ್ದೆಗೆ 80ಇಇಎ ಎಂಬ ಸೆಕ್ಷನ್ ತಂದಿರಿ. ಮೊದಲ ಮನೆಯಾಗಿದ್ದು, ಅದರ ಮುದ್ರಾಂಕ ಮೌಲ್ಯ (ಮುದ್ರಾಂಕ ಶುಲ್ಕಕ್ಕೆ ಲೆಕ್ಕ ಹಿಡಿಯುವ ಬೆಲೆ) 45 ಲಕ್ಷ ದಾಟದಿದ್ದರೆ, ಹೋಮ್ ಲೋನ್ ಬಡ್ಡಿಗೆ ಮಾಮೂಲಿ 2 ಲಕ್ಷದ ಜೊತೆ ಇನ್ನೂ 1.5 ಲಕ್ಷ ಕಡಿತ, ಅಂದರೆ ತೆರಿಗೆ ಲೆಕ್ಕ ಹಾಕುವ ಆದಾಯದಲ್ಲಿ ಅಷ್ಟು ಕಮ್ಮಿ. ಎರಡು ಸಲ ಗಡುವು ಮುಂದಕ್ಕೆ ಹಾಕಿದಿರಿ. 2022ರ ಮಾರ್ಚ್ 31ಕ್ಕೆ ಅದು ಮುಗಿಯಿತು. ಅಂದರೆ, ಒಂದೇ ಕಟ್ಟಡದಲ್ಲಿ ಮಾರ್ಚ್‌ನಲ್ಲಿ ಸಾಲ ಮಂಜೂರಾದವರು ಹಳೆ ತೆರಿಗೆ ಪದ್ಧತಿಯಲ್ಲಿ ಇದ್ದರೆ ಇವತ್ತಿಗೂ ಅದನ್ನು ಪಡೆಯಬಹುದು. ಏಪ್ರಿಲ್‌ನಲ್ಲಿ ಮಂಜೂರಾದವರಿಗೆ ಇಲ್ಲ.

ಆಮೇಲೆ ಹೊಸ ತೆರಿಗೆ ಪದ್ಧತಿಯೇ ಡೀಫಾಲ್ಟ್ ಆಯಿತು, ಅಂದರೆ ನಾವು ಹಳೆಯದನ್ನು ಆರಿಸದಿದ್ದರೆ ತಾನಾಗಿ ಅದೇ ಅನ್ವಯ. ಅದರಲ್ಲಿ ನಾವೇ ವಾಸಿಸುವ ಮನೆಯ ಬಡ್ಡಿಗೆ ಕಡಿತ ಇಲ್ಲವೇ ಇಲ್ಲ. 40 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ ಅಂದುಕೊಳ್ಳಿ. ಮೊದಲ ವರ್ಷ ಕಟ್ಟುವ ನಾಲ್ಕು ಲಕ್ಷ ಚಿಲ್ಲರೆಯಲ್ಲಿ ಬಡ್ಡಿಯೇ ಸುಮಾರು 3.4 ಲಕ್ಷ. ಅದೇ ಮನೆಯನ್ನು ಬಾಡಿಗೆಗೆ ಕೊಟ್ಟರೆ ಮಾತ್ರ ಬಾಡಿಗೆ ಆದಾಯದಲ್ಲಿ ಬಡ್ಡಿ ಕಳೆಯಬಹುದು. ಬಾಡಿಗೆಗೆ ತೆರಿಗೆ ಬೀಳುತ್ತದೆ, ಹಾಗಾಗಿ ಖರ್ಚು ಕಳೆಯಲು ಬಿಡಬೇಕು, ಒಪ್ಪುತ್ತೇನೆ. ಆದರೆ 2025ರ ಬಜೆಟ್‌ನಲ್ಲಿ ಎರಡು ಸ್ವಂತ ಮನೆಗಳನ್ನು ತೆರಿಗೆಯಿಲ್ಲದೆ ಇಟ್ಟುಕೊಳ್ಳಲು ಇದ್ದ ಷರತ್ತನ್ನೂ ಸಡಿಲಿಸಿದಿರಿ. ಎರಡನೇ ಮನೆಯವರ ನೆನಪಾಯಿತು, ಮೊದಲ ಮನೆಯವರು ಮರೆತುಹೋದರು, ಅಲ್ವಾ?

ಹಾಗಂತ 80ಇಇಎ ವಾಪಸ್ ತನ್ನಿ ಅಂತ ನಾನು ಕೇಳುತ್ತಿಲ್ಲ. ಆ ಕಡಿತದ ಲೆಕ್ಕವೇ ಸರಿ ಇರಲಿಲ್ಲ. ಸೆಸ್ ಬಿಟ್ಟು ನೋಡಿದರೆ, 1.5 ಲಕ್ಷದ ಕಡಿತ 30% ಸ್ಲ್ಯಾಬ್‌ನವರಿಗೆ 45,000 ರೂಪಾಯಿ ಉಳಿಸುತ್ತಿತ್ತು. 20%ನವರಿಗೆ 30,000. ಐದು ಲಕ್ಷದೊಳಗಿನ ಆದಾಯದವರಿಗೆ ಮೊದಲೇ ತೆರಿಗೆ ಇರಲಿಲ್ಲ, ಅವರಿಗೆ ಸೊನ್ನೆ. ಜಾಸ್ತಿ ದುಡಿಯುವವರಿಗೆ ಜಾಸ್ತಿ ಸಹಾಯ! ಈಗ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ. ಅದು ಒಳ್ಳೆಯದೇ. ಆದರೆ ಅವರಿಗೆ ಎಂಥ ಕಡಿತ ಕೊಟ್ಟರೂ ಅದು ಸುಮ್ನೆ ಕಾಗದದ ಮೇಲೆ.

ಅದಕ್ಕೇ ಕ್ರೆಡಿಟ್ ಕೇಳುತ್ತಿರುವುದು. ಎಲ್ಲರಿಗೂ ಒಂದೇ ಮೊತ್ತ, ನೇರವಾಗಿ ತೆರಿಗೆಯಲ್ಲಿ ಕಳೆಯಲಿ. ತೆರಿಗೆಯೇ ಇಲ್ಲದಿದ್ದರೆ ಆ ಹಣ ಸಾಲದ ಖಾತೆಗೆ ಹೋಗಿ ಅಸಲು ಇಳಿಯಲಿ. ಸಾಲದ ಖಾತೆಗೆ ಹಣ ಹಾಕುವುದು ಸರ್ಕಾರಕ್ಕೆ ಹೊಸದೇನಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಹಾಯಧನ ಹಾಗೇ ಬರುತ್ತದೆ. ಈಗಿನ 2.0ರಲ್ಲಿ ಐದು ಕಂತಿನಲ್ಲಿ ಗರಿಷ್ಠ 1.80 ಲಕ್ಷ. ಆದರೆ ಅದಕ್ಕೆ ಕುಟುಂಬದ ವಾರ್ಷಿಕ ಆದಾಯ 9 ಲಕ್ಷ ದಾಟಬಾರದು, ಮನೆಯ ಬೆಲೆ 35 ಲಕ್ಷ ದಾಟಬಾರದು. ದೊಡ್ಡ ನಗರಗಳಲ್ಲಿ ಆ ಬೆಲೆಗೆ ಮನೆ ಹುಡುಕಿದವರಿಗೆ ಗೊತ್ತು ಅದರ ಕಷ್ಟ.

ಅಮೆರಿಕದಲ್ಲಿ 2008ರಲ್ಲಿ ಮೊದಲ ಮನೆಯವರಿಗೆ 7,500 ಡಾಲರ್‌ವರೆಗೆ ಕ್ರೆಡಿಟ್ ಕೊಟ್ಟರು. ಅದನ್ನು 15 ವರ್ಷದಲ್ಲಿ ವಾಪಸ್ ಕಟ್ಟಬೇಕಿತ್ತು, ಅಂದರೆ ಬಡ್ಡಿಯಿಲ್ಲದ ಸಾಲ ಅಷ್ಟೇ. ಮರುವರ್ಷ ಅದನ್ನು 8,000ಕ್ಕೆ ಏರಿಸಿ, ಮನೆಯಲ್ಲಿ ಮೂರು ವರ್ಷ ವಾಸ ಇದ್ದರೆ ವಾಪಸ್ ಕಟ್ಟುವುದು ಬೇಡ ಎಂದರು. ನಮಗೆ ಆ ಎರಡನೇ ಮಾದರಿ ಬೇಕು, ವಾಸದ ಷರತ್ತಿನ ಸಮೇತ.

ಬಿಲ್ಡರ್‌ಗಳು ಅಷ್ಟೇ ಬೆಲೆ ಏರಿಸುತ್ತಾರೆ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಆ ಭಯ ನನಗೂ ಇದೆ. ಹಾಗಾಗಿ ಹಳೆ ಮನೆ ಕೊಳ್ಳುವವರಿಗೂ ಕೊಡಿ, ಬರೀ ಹೊಸ ಫ್ಲ್ಯಾಟ್‌ಗೆ ಕಟ್ಟಿಹಾಕಬೇಡಿ. ಗಡುವನ್ನೂ ವರ್ಷ ವರ್ಷ ಎಳೆಯಬೇಡಿ. ಕೊನೇ ತಿಂಗಳಲ್ಲಿ ಎಲ್ಲರೂ ಮುಗಿಬಿದ್ದರೆ ಲಾಭ ಮಾರುವವರಿಗೇ. ಮೌಲ್ಯದ ಮಿತಿಯನ್ನು ಮಾತ್ರ ಊರಿಗೆ ತಕ್ಕ ಹಾಗೆ ಇಡಿ. ಇಡೀ ದೇಶಕ್ಕೆ 45 ಲಕ್ಷ ಅನ್ನುವ ಒಂದೇ ಗೆರೆ ಸಾಲದು.

ಮುಂದಿನ ಬಜೆಟ್‌ನಲ್ಲಿ ಇದಕ್ಕೊಂದು ಉತ್ತರ ಕೊಡಿ. ಆಗುವುದಿಲ್ಲ ಎಂದಾದರೆ ಯಾಕೆ ಎಂದಾದರೂ ತಿಳಿಸಿ.

ಇತಿ,
ಮೊದಲ ಮನೆಯ ಇಎಂಐ ಕಟ್ಟುತ್ತಿರುವ ಒಬ್ಬ ತೆರಿಗೆದಾರ