ಅವ್ವನ ಮಂಡಿಗಿಂತ ಮೊದಲು ಅತ್ತಿಗೆಯ ಬೆರಳು ತೋರಿಸು

ಪ್ರೀತಿಯ ಚಂದ್ರು,

ಮೊನ್ನೆ ಫೋನಿನಲ್ಲಿ ನೀನು ಹೆಚ್ಚು ಹೊತ್ತು ಮಾತಾಡಿದ್ದು ಅವ್ವನ ಮಂಡಿ ನೋವಿನ ಬಗ್ಗೆ. ಫೋನ್ ಇಡುವ ಮುಂಚೆ ಸುಮ್ನೆ ಒಂದು ಮಾತು ಸೇರಿಸಿದೆ. ನಿನ್ನ ಹೆಂಡತಿಗೂ, ಅಂದರೆ ನಮ್ಮ ಅತ್ತಿಗೆಗೂ, ಬೆರಳು ಊದುತ್ತಿದೆ, ಬೆಳಿಗ್ಗೆ ಹಸು ಕರೆಯೋಕೆ ಆಗ್ತಿಲ್ಲ, ಹತ್ತು ಗಂಟೆ ಮೇಲೆ ಸರಿಹೋಗುತ್ತೆ, ಅದಕ್ಕೂ ಯಾವುದಾದರೂ ಎಣ್ಣೆ ಇದ್ದರೆ ಹೇಳು ಅಂದೆ. ಅವತ್ತಿನಿಂದ ಆ ಮಾತೇ ತಲೆಯಲ್ಲಿ ಕೂತಿದೆ. ಅವ್ವನ ಮಂಡಿ ಇನ್ನೊಂದು ತಿಂಗಳು ಕಾಯಬಹುದು. ಅತ್ತಿಗೆಯ ಬೆರಳನ್ನು ಕಾಯಿಸಬೇಡ ಕಣೋ.

ಈ ಪತ್ರವನ್ನು ನಾಲ್ಕು ಜನ ಓದುವ ಕಡೆ ಹಾಕಲಾ ಅಂತ ಕೇಳಿದಾಗ ನೀನು ಹೂಂ ಅಂದೆ. ಒಳ್ಳೆಯದಾಯಿತು. ಪಾಂಡವಪುರದಿಂದ ನಾಗಮಂಗಲದವರೆಗೂ ನಿಮ್ಮಂಥ ಮನೆಗಳು ಎಷ್ಟೋ ಇವೆ. ಮನೆಯಲ್ಲಿ ಹಿರಿಯರ ಮಂಡಿ ನೋವು ಎಲ್ಲರಿಗೂ ಕೇಳಿಸುತ್ತದೆ. ಸೊಸೆಯ ಬೆರಳು ನೋವು ಅವಳೊಬ್ಬಳಿಗೇ ಗೊತ್ತು. ಮೈಸೂರಿನಲ್ಲಿ ಇಷ್ಟು ವರ್ಷ ಫಿಸಿಯೋಥೆರಪಿ ಮಾಡಿಕೊಂಡು ನಾನು ನೋಡಿರೋದು ಇದನ್ನೇ. ನಮ್ಮ ಹತ್ತಿರ ಕೈ ವ್ಯಾಯಾಮಕ್ಕೆ ಅಂತ ಬರುವ ಹೆಂಗಸರಲ್ಲಿ ಎಷ್ಟೋ ಜನರ ಬೆರಳು ಆಗಲೇ ಒಂದು ಕಡೆಗೆ ವಾಲಿರುತ್ತವೆ. ಹಾಗೆ ವಾಲಿದ ಬೆರಳನ್ನು ವ್ಯಾಯಾಮದಿಂದ ನೆಟ್ಟಗೆ ಮಾಡೋಕಾಗುವುದಿಲ್ಲ.

ಎರಡು ನೋವಿಗೂ ಇರುವ ವ್ಯತ್ಯಾಸ ನೋಡು. ಅವ್ವ ಕೂತಿದ್ದರೆ ಆರಾಮ. ಬಸ್ ಮೆಟ್ಟಿಲು ಹತ್ತುವಾಗ, ನೆಲದಿಂದ ಏಳುವಾಗ, ಸಂಜೆ ಹೊತ್ತಿಗೆ ನೋವು ಜಾಸ್ತಿ. ಎದ್ದ ತಕ್ಷಣ ಮಂಡಿ ಹಿಡಿದುಕೊಂಡರೂ ಎರಡು ಹೆಜ್ಜೆ ಓಡಾಡಿದರೆ ಬಿಡುತ್ತದೆ. ಇದು ಸವೆತದ ಲಕ್ಷಣ, ಆಸ್ಟಿಯೋ ಆರ್ಥರೈಟಿಸ್. ಇದರಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆ ದಾಟುವುದಿಲ್ಲ. ಅತ್ತಿಗೆಯದು ತಿರುಗಾಮುರುಗಾ. ರಾತ್ರಿಯೆಲ್ಲ ಮಲಗಿ ಎದ್ದಾಗಲೇ ಕಷ್ಟ. ಗಂಟೆಗಟ್ಟಲೆ ಬೆರಳು ಮಡಚುವುದಿಲ್ಲ, ಕೆಲಸ ಮಾಡ್ತಾ ಮಾಡ್ತಾ ಸಡಿಲ ಆಗುತ್ತದೆ. ಎರಡೂ ಕೈಗೆ ಒಟ್ಟಿಗೆ ಬಂದಿದೆ ಅಂತಲೂ ನೀನು ಹೇಳಿದೆ. ಆರು ವಾರಕ್ಕಿಂತ ಹೆಚ್ಚು ದಿನ ಹೀಗೇ ಇದ್ದರೆ ರುಮಟಾಯ್ಡ್ ಆರ್ಥರೈಟಿಸ್ ಇರಬಹುದು ಅಂತ ಮೊದಲು ಯೋಚಿಸಬೇಕು. ನಮ್ಮ ಕಡೆ ಆಮವಾತ, ಸಂಧಿವಾತ ಅನ್ನುತ್ತಾರಲ್ಲ, ಅದು. ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದು ಊದಿಸುವ ಕಾಯಿಲೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ ಬರುತ್ತದೆ. ವಯಸ್ಸಾದ ಮೇಲೇ ಬರಬೇಕು ಅಂತೇನಿಲ್ಲ. ಇಪ್ಪತ್ತೈದು, ಮೂವತ್ತಕ್ಕೂ ಬರುತ್ತದೆ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡು. ಅತ್ತಿಗೆಗೆ ಮುಷ್ಟಿ ಕಟ್ಟೋಕೆ ಹೇಳು. ಬೆರಳ ಬುಡದ ಗೆಣ್ಣುಗಳ ನಡುವೆ ಸಣ್ಣ ಸಣ್ಣ ಹಳ್ಳ ಕಾಣಬೇಕು. ಊತ ಇದ್ದರೆ ಆ ಹಳ್ಳ ತುಂಬಿಕೊಂಡು ಮಟ್ಟಸವಾಗಿರುತ್ತದೆ. ಆಮೇಲೆ ಕೈಕುಲುಕುವ ಹಾಗೆ ಹಿಡಿದು, ಆ ಗೆಣ್ಣುಗಳ ಸಾಲನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತು. ಅಷ್ಟಕ್ಕೇ ಮುಖ ಕಿವುಚಿದರೆ ಒಳಗೆ ಉರಿಯೂತ ಇದೆ ಅಂತ ಅನುಮಾನಿಸಬೇಕು. ಯಾವ ಗೆಣ್ಣು ಅನ್ನೋದೂ ಮುಖ್ಯ. ಉಗುರಿನ ಹತ್ತಿರದ ಗೆಣ್ಣು ಗಟ್ಟಿಯಾಗಿ ಗಂಟು ಕಟ್ಟಿದ್ದರೆ ಅದು ಹೆಚ್ಚಾಗಿ ಸವೆತ. ಬುಡದ ಗೆಣ್ಣು, ನಡುವಿನ ಗೆಣ್ಣು, ಮಣಿಕಟ್ಟು ಮೆತ್ತಗೆ ಊದಿದ್ದರೆ ರುಮಟಾಯ್ಡ್ ಕಡೆ ಅನುಮಾನ ಹೋಗುತ್ತದೆ. ಪಾದದ ಬೆರಳ ಬುಡವನ್ನೂ ಹೀಗೇ ಒತ್ತಿ ನೋಡು. ಮೊದಲ ಊತ ಅಲ್ಲೇ ಶುರುವಾಗುವುದೂ ಉಂಟು, ಚಪ್ಪಲಿ ಬಿಗಿ ಅಂದುಕೊಂಡು ಸುಮ್ಮನಾಗುತ್ತಾರೆ.

ರುಮಟಾಯ್ಡ್‌ಗೆ ಅಂತ ಆರ್.ಎ. ಫ್ಯಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದೆವು, ನೆಗೆಟಿವ್ ಬಂತು, ಏನೂ ಇಲ್ಲ ಅಂದರು ಅಂದೆಯಲ್ಲ. ನನಗೆ ಸಂಕಟ ಆಗಿದ್ದು ಅಲ್ಲೇ. ಆ ಒಂದು ರಿಪೋರ್ಟ್ ನೋಡಿ ಏನೂ ಇಲ್ಲ ಅನ್ನೋಕೆ ಬರುವುದಿಲ್ಲ. ರುಮಟಾಯ್ಡ್ ಇರುವ 100 ಜನರಲ್ಲಿ ಸುಮಾರು 20ರಿಂದ 30 ಜನರಿಗೆ ಆರ್.ಎ. ಫ್ಯಾಕ್ಟರ್ ನೆಗೆಟಿವ್ ಬರುತ್ತದೆ. ಇನ್ನೊಂದು ಕಡೆ, ಏನೂ ಕಾಯಿಲೆ ಇಲ್ಲದ ವಯಸ್ಸಾದವರಲ್ಲಿ ಕೆಲವರಿಗೆ ಪಾಸಿಟಿವ್ ಬರುತ್ತದೆ. ಅದರ ಜೊತೆ ಆಂಟಿ ಸಿ.ಸಿ.ಪಿ. ಅಂತ ಇನ್ನೊಂದು ರಕ್ತ ಪರೀಕ್ಷೆ ಮಾಡಿಸಬೇಕು. ಅದು ಪಾಸಿಟಿವ್ ಬಂದರೆ ಹೆಚ್ಚು ನಂಬಬಹುದು. ಇ.ಎಸ್.ಆರ್., ಸಿ.ಆರ್.ಪಿ. ಎರಡೂ ಉರಿಯೂತ ಎಷ್ಟಿದೆ ಅಂತ ಹೇಳುತ್ತವೆ, ಯಾವ ಕಾಯಿಲೆ ಅಂತ ಹೇಳುವುದಿಲ್ಲ. ಕೈ, ಪಾದದ ಎಕ್ಸ್-ರೇ ಬೇಕು. ಆದರೆ ಶುರುವಿನಲ್ಲಿ ಎಕ್ಸ್-ರೇ ಚೆನ್ನಾಗಿಯೇ ಇರುತ್ತದೆ. ಮೂಳೆ ಕೊರೆದ ಮೇಲಷ್ಟೇ ಅದರಲ್ಲಿ ಗೊತ್ತಾಗುವುದು. ಅದಕ್ಕೂ ಮುಂಚಿನ ಊತವನ್ನು ಕೀಲಿನ ಅಲ್ಟ್ರಾಸೌಂಡ್ ತೋರಿಸುತ್ತದೆ. ಇಷ್ಟನ್ನೂ ಒಟ್ಟಿಗೆ ಇಟ್ಟು, ಕೈ ಮುಟ್ಟಿ ನೋಡಿ ತೀರ್ಮಾನ ಮಾಡಬೇಕು. ಕಾಗದ ಒಂದನ್ನೇ ನೋಡಿ ಮನೆಗೆ ಕಳಿಸುವುದು ಸರಿಯಲ್ಲ.

ಚಿಕುನ್‌ಗುನ್ಯಾ ಬಂದಿತ್ತಾ ಅಂತಲೂ ಡಾಕ್ಟರ್ ಕೇಳುತ್ತಾರೆ. 2006ರಲ್ಲಿ ನಮ್ಮ ರಾಜ್ಯದಲ್ಲಿ ಅದು ಹಬ್ಬಿದಾಗ ಎಷ್ಟು ಜನ ಹಾಸಿಗೆಯಿಂದ ಏಳಲಾರದೆ ಒದ್ದಾಡಿದರು, ನಿನಗೂ ನೆನಪಿದೆ ಅಲ್ವಾ. ಜ್ವರ ಹೋದ ಮೇಲೂ ಕೀಲು ನೋವು ತಿಂಗಳುಗಟ್ಟಲೆ ಉಳಿಯಬಹುದು, ನೋಡೋಕೆ ರುಮಟಾಯ್ಡ್ ತರಹವೇ ಇರುತ್ತದೆ. ಹಿಂದಿನ ಒಂದು ವರ್ಷದಲ್ಲಿ ಅತ್ತಿಗೆಗೆ ಹಾಗೆ ಜ್ವರ ಬಂದಿದ್ದರೆ ಮರೆಯದೆ ಹೇಳು.

ಈಗ ಅತ್ತಿಗೆ ನುಂಗುತ್ತಿರುವ ಆ ಪೊಟ್ಟಣದ ಮಾತ್ರೆ. ಸಂತೆಯಲ್ಲಿ ಯಾರೋ ಕೊಟ್ಟದ್ದು, ಹೆಸರಿಲ್ಲ, ಎರಡೇ ದಿನಕ್ಕೆ ನೋವು ಎಷ್ಟೋ ಇಳಿಯಿತು, ಹಸಿವೂ ಚೆನ್ನಾಗಿ ಆಗುತ್ತಿದೆ ಅಂತ ಖುಷಿಯಿಂದ ಹೇಳಿದೆ. ಚಂದ್ರು, ಎರಡು ದಿನಕ್ಕೆ ನೋವು ಅಷ್ಟು ಇಳಿದು ಹಸಿವು ಹೆಚ್ಚಾಯಿತು ಅಂದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ತುಂಬ ಇದೆ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅನ್ನುವ ಡಾಕ್ಟರ್ ಮತ್ತು ಅವರ ಜೊತೆಯವರು ರುಮಟಾಯ್ಡ್ ಇದ್ದ 29 ವರ್ಷದ ಹೆಂಗಸಿಗೆ ಮೊದಲ ಬಾರಿಗೆ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರು. ಏಳಲಾರದೆ ಮಲಗಿದ್ದಾಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. 1950ರಲ್ಲಿ ಹೆಂಚ್‌ಗೆ, ಇನ್ನಿಬ್ಬರ ಜೊತೆ, ನೊಬೆಲ್ ಬಂತು. ಆದರೆ ದಿನ ಕಳೆದ ಹಾಗೆ ಅದರ ಇನ್ನೊಂದು ಮುಖ ಕಾಣಿಸಿತು. ಮುಖ ದುಂಡಗೆ ಊದುವುದು, ಸಕ್ಕರೆ ಕಾಯಿಲೆ, ಬಿ.ಪಿ., ಚರ್ಮ ತೆಳುವಾಗುವುದು, ಮೂಳೆ ಟೊಳ್ಳಾಗುವುದು. ಔಷಧಿ ನಿಲ್ಲಿಸಿದ ಕೂಡಲೇ ಕೀಲು ನೋವು ವಾಪಸ್ ಬರುವುದು. ಇವತ್ತಿಗೂ ಡಾಕ್ಟರುಗಳು ಸ್ಟೀರಾಯ್ಡ್ ಬಳಸುತ್ತಾರೆ, ಆದರೆ ಕಡಿಮೆ ಡೋಸ್, ಸ್ವಲ್ಪ ದಿನ, ಮುಖ್ಯ ಔಷಧಿ ಹಿಡಿಯುವವರೆಗೆ. ಸಂತೆಯ ಪೊಟ್ಟಣದಲ್ಲಿ ಎಷ್ಟಿದೆ ಅಂತ ಕೊಟ್ಟವನಿಗೂ ತಿಳಿದಿರುವುದಿಲ್ಲ.

ಹಾಗಂತ ನಾಳೆಯೇ ಅದನ್ನು ಕಸಕ್ಕೆ ಎಸೆಯಬೇಡ. ಕೆಲವು ವಾರ ಸ್ಟೀರಾಯ್ಡ್ ತಿಂದ ದೇಹ ತನ್ನದೇ ಹಾರ್ಮೋನು ಮಾಡುವುದನ್ನು ಕಡಿಮೆ ಮಾಡಿಬಿಟ್ಟಿರುತ್ತದೆ. ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಬಿ.ಪಿ. ಕುಸಿದು, ವಾಂತಿಯಾಗಿ ಆಸ್ಪತ್ರೆ ಸೇರಬೇಕಾಗಬಹುದು. ಪೊಟ್ಟಣವನ್ನೇ ಡಾಕ್ಟರ್ ಮುಂದೆ ಇಡು, ಎಷ್ಟು ದಿನದಿಂದ ಅಂತ ಹೇಳು. ನಿಧಾನವಾಗಿ ಹೇಗೆ ಇಳಿಸಬೇಕು ಅಂತ ಅವರು ಹೇಳುತ್ತಾರೆ. ಬಯ್ಯುತ್ತಾರೆ ಅಂತ ಮುಚ್ಚಿಡಬೇಡ.

ರುಮಟಾಯ್ಡ್ ಅಂತ ಖಚಿತವಾದರೆ ಹೆಚ್ಚಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದನ್ನು ನಾನು ಹೆಚ್ಚು ನೋಡಿರುವುದು ಇಲ್ಲೇ. ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ರಕ್ತ ಕಣಗಳು ಕುಸಿದುಬಿಡುತ್ತವೆ. ವಾರದ ಯಾವ ದಿನ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡು. ಡಾಕ್ಟರ್ ಹೇಳಿದ ಬೇರೆ ದಿನ ಫೋಲಿಕ್ ಆಸಿಡ್ ಮಾತ್ರೆ ಇರುತ್ತದೆ. ಅದನ್ನು ಬಿಡಬಾರದು, ಬಾಯಿ ಹುಣ್ಣು, ವಾಕರಿಕೆ ಕಡಿಮೆ ಮಾಡುತ್ತದೆ. ಶುರುಮಾಡುವ ಮೊದಲು ರಕ್ತ ಕಣ, ಲಿವರ್, ಕಿಡ್ನಿ, ಹೆಪಟೈಟಿಸ್ ಪರೀಕ್ಷೆ, ಎದೆಯ ಎಕ್ಸ್-ರೇ ಮಾಡಿಸುತ್ತಾರೆ. ಆಮೇಲೂ ಆಗಾಗ ರಕ್ತ ಪರೀಕ್ಷೆ ಇದ್ದೇ ಇದೆ. ಎರಡನೇ ಮಗು ಬಗ್ಗೆ ನೀವಿಬ್ಬರೂ ಯೋಚಿಸುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು, ಬಸಿರಿನಲ್ಲಿ ಈ ಮಾತ್ರೆ ಖಂಡಿತ ಕೂಡದು. ಬೇರೆ ಔಷಧಿಗಳಿವೆ.

ಮೊಬೈಲಿನಲ್ಲಿ ಹೆಸರು ಹುಡುಕಿದರೆ ಕ್ಯಾನ್ಸರ್ ಔಷಧಿ ಅಂತ ಬರುತ್ತದೆ. ನಿಜವೇ, ಆದರೆ ಕ್ಯಾನ್ಸರ್‌ಗೆ ಕೊಡುವ ಪ್ರಮಾಣ ಎಷ್ಟೋ ಪಟ್ಟು ಜಾಸ್ತಿ. ಕೀಲಿಗೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಒಳಗೆ. ಗಾಬರಿಯಾಗಬೇಡಿ. ಇದು ಹಿಡಿಯೋಕೆ ಆರರಿಂದ ಹನ್ನೆರಡು ವಾರ ಬೇಕು. ಒಂದು ತಿಂಗಳು ನುಂಗಿ ಗುಣ ಕಾಣಲಿಲ್ಲ ಅಂತ ಮತ್ತೆ ಸಂತೆಯ ಪೊಟ್ಟಣಕ್ಕೆ ಹೋಗುವವರು ಬಹಳ ಜನ. ಅತ್ತಿಗೆಯನ್ನು ಆ ಮೊದಲ ಮೂರು ತಿಂಗಳು ನೀನು ಹಿಡಿದು ನಿಲ್ಲಿಸಬೇಕು. ಶುರುವಿನ ತಿಂಗಳುಗಳಲ್ಲೇ ಸರಿಯಾದ ಔಷಧಿ ಬಿದ್ದರೆ ಕಾಯಿಲೆ ಹತೋಟಿಗೆ ಬಂದು, ಬೆರಳು ಸೊಟ್ಟಗಾಗದೆ ಎಲ್ಲಾ ಕೆಲಸ ಮಾಡಿಕೊಂಡು ಇರುವವರನ್ನು ನಾನು ದಿನಾ ನೋಡುತ್ತೇನೆ. ತಡಮಾಡಿದರೆ ಕೊರೆದ ಮೂಳೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಅವ್ವನ ವಿಷಯಕ್ಕೆ ಬರುತ್ತೇನೆ. ಮಂಡಿಯ ಎಕ್ಸ್-ರೇ ನಿಂತುಕೊಂಡೇ ತೆಗೆಸಬೇಕು, ಮಲಗಿಸಿ ತೆಗೆದರೆ ಸವೆತ ಎಷ್ಟಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಕುರ್ಚಿ ಮೇಲೆ ಕೂತು ಒಂದೊಂದೇ ಕಾಲು ನೆಟ್ಟಗೆ ಚಾಚಿ, ತೊಡೆ ಬಿಗಿಮಾಡಿ ಐದು ಎಣಿಸಿ ಇಳಿಸಲಿ. ಬೆಳಿಗ್ಗೆ ಸಂಜೆ ಹತ್ತು ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿ ನೋವು ಇಳಿಯುತ್ತದೆ. ಒಂದು ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಕಡಿಮೆ ಆಗುತ್ತದೆ. ಊರುಗೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ನೋವಿನ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಿಂದ ನೀನೇ ತಂದು ತಿಂಗಳುಗಟ್ಟಲೆ ಕೊಡಬೇಡ, ಕಿಡ್ನಿಗೂ ಹೊಟ್ಟೆಗೂ ಕೆಟ್ಟದ್ದು. ಹಚ್ಚುವ ಜೆಲ್ ವಾಸಿ. ಆಪರೇಷನ್ ಮಾತು ಈಗಲೇ ಬೇಡ. ಮುಂದೆ ಬೇಕೇ ಆದರೆ, ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದೆ. ಹೆಚ್ಚು ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ಅಂತ ನಿಗದಿ ಮಾಡಿದ್ದರು. ಆಸ್ಪತ್ರೆಯ ಖರ್ಚು ಬೇರೆ.

ಆದರೆ ಅವ್ವನ ಮಂಡಿಗಿಂತ ನನಗೆ ಚಿಂತೆ ಆಗಿರುವುದು ಮಣಿಕಟ್ಟಿನದು. ಹೋದ ವರ್ಷ ಅಂಗಳದಲ್ಲಿ ಜಾರಿ, ಕೈ ಊರಿದ್ದಕ್ಕೇ ಮೂಳೆ ಮುರಿಯಿತು. ಕಟ್ಟು ಹಾಕಿ ಕಳಿಸಿದರು, ಅಷ್ಟು ಸಣ್ಣ ಬೀಳುವಿಕೆಗೆ ಮೂಳೆ ಯಾಕೆ ಮುರಿಯಿತು ಅಂತ ಯಾರೂ ಕೇಳಲಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಬಲ ಕಳೆದುಕೊಳ್ಳುತ್ತದೆ. ಒಳಗೊಳಗೇ ಟೊಳ್ಳಾಗುತ್ತದೆ, ಮುರಿಯುವವರೆಗೂ ನೋವೇ ಇರುವುದಿಲ್ಲ. ಮಣಿಕಟ್ಟು ಮುರಿದದ್ದು ಎಚ್ಚರಿಕೆ, ಮುಂದಿನದು ಬೆನ್ನುಮೂಳೆ ಅಥವಾ ಸೊಂಟದ್ದು ಆಗಬಾರದು. ಮೂಳೆ ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸು. ಹತ್ತು ಹದಿನೈದು ನಿಮಿಷದ ಕೆಲಸ, ನೋವಿಲ್ಲ. ಅದರಲ್ಲಿ ಟಿ ಸ್ಕೋರ್, ಅಂದರೆ ಆರೋಗ್ಯವಾಗಿರುವ ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಅದನ್ನು ಆಸ್ಟಿಯೋಪೊರೋಸಿಸ್, ಅಂದರೆ ಟೊಳ್ಳು ಮೂಳೆ ಅನ್ನುತ್ತಾರೆ.

ಮುದ್ದೆ ತಿನ್ನುವ ಮನೆಗೆ ಟೊಳ್ಳು ಮೂಳೆ ಎಲ್ಲಿಂದ ಬರುತ್ತೆ ಅಂತ ನೀನು ಕೇಳಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅವ್ವ ಮುದ್ದೆ ಬಿಡೋದು ಬೇಡವೇ ಬೇಡ. ಮೊಸರು, ಮಜ್ಜಿಗೆ, ಸೊಪ್ಪು ಜೊತೆಗಿರಲಿ. ಆದರೆ ಆ ವಯಸ್ಸಿನವರಿಗೆ ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಬೇಕು, ವಿಟಮಿನ್ ಡಿ ಇಲ್ಲದಿದ್ದರೆ ತಿಂದದ್ದೂ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಆಗಲೇ ಟೊಳ್ಳಾದ ಮೂಳೆಗೆ ಊಟ ಒಂದೇ ಸಾಲದು, ಔಷಧಿಯೂ ಬೇಕು. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಕೊಟ್ಟರೆ ಬರೀ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು. ಕಾಫಿಯ ಜೊತೆ ಅಲ್ಲ. ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಲೂಬಾರದು, ಮಲಗಿದರೆ ಅನ್ನನಾಳ ಸುಡಬಹುದು. ಅದು ಒಗ್ಗದವರಿಗೆ ವರ್ಷಕ್ಕೊಂದು ಸಲ ಡ್ರಿಪ್‌ನಲ್ಲಿ ಕೊಡುವ ಝೊಲೆಡ್ರೊನಿಕ್ ಆಸಿಡ್ ಇದೆ.

ಮಂಡಿ, ಮಣಿಕಟ್ಟಿಗೆ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೇ ಮೂಳೆ ವಿಭಾಗಕ್ಕೆ ತೋರಿಸು, ಇಲ್ಲಿಯವರೆಗೂ ಅವ್ವನನ್ನು ಎಳೆದಾಡಿಸಬೇಡ. ಅತ್ತಿಗೆಗೆ ಮಾತ್ರ ರುಮಟಾಲಜಿಸ್ಟ್ ಬೇಕು. ಅವರು ಮೂಳೆ ಡಾಕ್ಟರ್ ಅಲ್ಲ, ರುಮಟಾಯ್ಡ್ ತರಹದ ಕೀಲಿನ ಉರಿಯೂತ ನೋಡುವವರು, ಬೇರೆಯೇ ಪರಿಣತಿ. ಮೈಸೂರಿನಲ್ಲಿ ಇದ್ದಾರೆ, ಅಪಾಯಿಂಟ್‌ಮೆಂಟ್ ನಾನು ಮಾಡಿಸುತ್ತೇನೆ. ಬರುವ ದಿನ ಬೆಳಿಗ್ಗೆಯೇ ಹೊರಡಿ, ರೈಲಾದರೂ ಬಸ್ಸಾದರೂ ಸರಿ. ಮಧ್ಯಾಹ್ನ ಆದರೆ ಊತ ಇಳಿದು ಡಾಕ್ಟರಿಗೆ ಸರಿಯಾಗಿ ಕಾಣದೆ ಹೋಗಬಹುದು. ಅದಕ್ಕೇ ಇವತ್ತಿನಿಂದ ಅತ್ತಿಗೆ ಎದ್ದ ತಕ್ಷಣ ಎರಡೂ ಕೈಯ ಫೋಟೋ ತೆಗೆದು ಇಟ್ಟುಕೋ, ಎಷ್ಟು ಗಂಟೆಗೆ ಮುಷ್ಟಿ ಕಟ್ಟೋಕೆ ಆಯಿತು ಅಂತ ಪಕ್ಕದಲ್ಲಿ ಬರೆ. ಹಳೆಯ ರಿಪೋರ್ಟ್, ಆ ಪೊಟ್ಟಣ, ಮನೆಯಲ್ಲಿರುವ ಎಲ್ಲಾ ಮಾತ್ರೆ ಒಂದು ಚೀಲಕ್ಕೆ ಹಾಕಿ ತಾ. ಯಾವ ದಿನ ಬಿಡುವಾಗುತ್ತೆ ಅಂತ ಇವತ್ತು ರಾತ್ರಿಯೊಳಗೆ ತಿಳಿಸು, ನಾಳೆ ಬೆಳಿಗ್ಗೆ ಫೋನ್ ಮಾಡಿ ಹೆಸರು ಬರೆಸುತ್ತೇನೆ.

ಇಂತಿ ನಿನ್ನ,
ರಾಜು
ಮೈಸೂರು