ಕಡಿಮೆ ಬಿದ್ದರೆ ಅಂತ ಕೇಳಿದ್ದೀಯ

ಮಗಳೇ,

ನಿನ್ನ ಕಾಗದ ಮೂರು ಸಲ ಓದಿದೆ. ಉಳಿದ ಸುದ್ದಿಯೆಲ್ಲ ಸರಿ. ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ಸುಮ್ನೆ ನೆನಪಾಗಿ ಬರೆದ ಹಾಗೆ ಒಂದು ಸಾಲು ಬರೆದಿದ್ದೀಯಲ್ಲ: "ಇಷ್ಟೆಲ್ಲ ಮಾಡಿಯೂ ದೇವರ ಮುಂದೆ ನಿಂತಾಗ ಕಡಿಮೆ ಬಿದ್ದರೆ, ದೊಡ್ಡಪ್ಪಾ?" ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಭಯ ನನಗೆ ಹಳೇ ಪರಿಚಯ.

ಒಬ್ಬರು ನಂಬಿಕೆಯೊಂದೇ ಸಾಕು ಅಂತಾರೆ, ಇನ್ನೊಬ್ಬರು ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಅಂತಾರೆ, ಇಬ್ಬರೂ ಬೈಬಲ್ ತೆಗೆದೇ ತೋರಿಸ್ತಾರೆ ಅಂತ ಬರೆದಿದ್ದೀಯ. ಆ ಜಗಳ ಇವತ್ತಿನದಲ್ಲ. ರೋಮಿನ ಸಭೆಯ ವಿರುದ್ಧ ಎದ್ದ ಜರ್ಮನಿಯ ಸುಧಾರಕ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ, ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 3:28ರಲ್ಲಿ, ಮನುಷ್ಯ ನೀತಿವಂತನಾಗುವುದು ನಂಬಿಕೆಯಿಂದ ಅನ್ನುವಲ್ಲಿ, ಮೂಲದಲ್ಲಿಲ್ಲದ 'ಮಾತ್ರ' ಅನ್ನುವ ಪದ ಸೇರಿಸಿದ. ಪೌಲನ ಅರ್ಥವೇ ಅದು ಅಂತ ಅವನ ವಾದ. ತಮಾಷೆ ಅಂದರೆ 'ನಂಬಿಕೆ ಮಾತ್ರ' ಅನ್ನುವ ಮಾತು ಬೈಬಲ್‌ನಲ್ಲಿ ಇರುವುದು ಯಾಕೋಬನ ಪತ್ರಿಕೆಯಲ್ಲಿ, ಅದೂ 'ಅಲ್ಲ' ಅನ್ನುವುದಕ್ಕೆ! 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಲೂಥರನ ಕಡೆಯವರನ್ನು ಖಂಡಿಸಿತು. ಆದರೆ ಅದೇ ತೀರ್ಪಿನ ಮೊದಲನೇ ಖಂಡನೆ ಯಾರ ಮೇಲೆ ಗೊತ್ತಾ? ಕೃಪೆಯಿಲ್ಲದೆ, ತನ್ನ ಕ್ರಿಯೆಗಳಿಂದಲೇ ದೇವರ ಮುಂದೆ ನೀತಿವಂತನಾಗಬಹುದು ಅನ್ನುವವರ ಮೇಲೆ. ಕಡೆಗೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಒಟ್ಟಿಗೆ ಒಂದು ಘೋಷಣೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದಲೇ, ನಮ್ಮ ಯೋಗ್ಯತೆ ನೋಡಿ ಅಲ್ಲ ಅಂತ. ಭಿನ್ನಾಭಿಪ್ರಾಯ ಎಲ್ಲ ಮುಗಿದಿಲ್ಲ, ಬಿಡು. ಆದರೆ ನಿನ್ನ ಸಾಲಿಗೆ ಬೇಕಾದದ್ದು ಅಲ್ಲಿದೆ. ಜಗಳವಾಡಿದ ಎರಡು ಕಡೆಯವರಲ್ಲಿ ಯಾರೂ ನಿನ್ನನ್ನು 'ದುಡಿದು ಗಳಿಸು' ಅಂತ ಕಳಿಸಿಲ್ಲ. ಹಾಗಾದರೆ ಕಡಿಮೆ ಬೀಳುವುದು ಯಾವ ಲೆಕ್ಕದಲ್ಲಿ?

ಲೆಕ್ಕ ಅಂದೆ ನೋಡು. ಯಾರಿಗೂ ಹೇಳದ ಒಂದು ವಿಷಯ ಹೇಳಬೇಕು.

ನಿಮ್ಮಪ್ಪ ಮನೆ ಬಿಟ್ಟು ಹೋದದ್ದು, ನಿಮ್ಮ ತಾತ ಹಾಸಿಗೆ ಹಿಡಿದದ್ದು ನಿನಗೆ ಗೊತ್ತು. ಆ ವರ್ಷಗಳಲ್ಲಿ ನನ್ನ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಮಧ್ಯೆ ಗೆರೆ. ಎಡಗಡೆ ಒಳ್ಳೆಯದು, ಬಲಗಡೆ ತಪ್ಪು. ಪೆನ್ಸಿಲ್‌ನಲ್ಲೇ ಬರೆಯುತ್ತಿದ್ದೆ, ಅಳಿಸುವುದಕ್ಕೆ ಬರಲಿ ಅಂತ. 'ಅಪ್ಪನಿಗೆ ರಾತ್ರಿ ಔಷಧಿ, ಎರಡು ಸಲ.' ಬಲಗಡೆ: 'ಅಪ್ಪನ ಮೇಲೆ ರೇಗಿದೆ.' ಮಲಗುವ ಮುಂಚೆ ಕೂಡಿಸಿ ನೋಡುವುದು. ಎಡಗಡೆ ಜಾಸ್ತಿಯಾದ ದಿನ ಗರ್ವ, ಬಲಗಡೆ ಜಾಸ್ತಿಯಾದ ದಿನ ನಡುಕ. ಎರಡೂ ದಿನ ಅಪ್ಪನ ಮುಖ ಸರಿಯಾಗಿ ನೋಡಿದ್ದೇ ನೆನಪಿಲ್ಲ.

ನಿಮ್ಮಪ್ಪ ವಾಪಸ್ ಬಂದ ರಾತ್ರಿ ನಾನು ಮಾತಾಡಲಿಲ್ಲ. ಅದು ಎಲ್ಲರಿಗೂ ಗೊತ್ತು. ಆಮೇಲೆ ಒಳಗೆ ಹೋಗಿ ಎಡಗಡೆ ಬರೆದೆ: 'ಬಾಗಿಲು ತೆಗೆದೆ.' ಅಷ್ಟೇ. ತಮ್ಮ ಬಂದಿದ್ದಾನೆ, ಅಪ್ಪ ಅವನ ಕೈ ಹಿಡಿದು ಅಳುತ್ತಿದ್ದಾರೆ, ನಾನು ಬಾಗಿಲು ತೆಗೆದದ್ದನ್ನು ಜಮಾ ಹಾಕಿಕೊಳ್ಳುತ್ತಿದ್ದೇನೆ.

ಲೂಕನ 15ನೇ ಅಧ್ಯಾಯದಲ್ಲಿ, ಆಸ್ತಿ ಹಾಳುಮಾಡಿ ವಾಪಸ್ ಬಂದ ಕಿರಿಮಗನಿಗೆ ತಂದೆ ಔತಣ ಮಾಡಿಸಿದಾಗ, ಹೊಲದಿಂದ ಬಂದ ಹಿರಿಮಗ ಮಾತಾಡುವುದು ಪೂರ್ತಿ ಲೆಕ್ಕವೇ ಅಲ್ವಾ? ಇಷ್ಟು ವರ್ಷ ಸೇವೆ ಮಾಡಿದೆ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ. ಪ್ರಸಂಗದಲ್ಲಿ ಎಲ್ಲರೂ ಕಿರಿಮಗನ ಮೇಲೆ ಅರ್ಧ ಗಂಟೆ ಮಾತಾಡಿ ಇವನನ್ನು ಎರಡು ಮಾತಿನಲ್ಲಿ ಮುಗಿಸ್ತಾರೆ. ತಂದೆ ಇವನಿಗಾಗಿಯೂ ಹೊರಗೆ ಬಂದು ಬೇಡಿಕೊಂಡ. ಇವನು ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ.

ನಿನ್ನ ಭಯ ಕೇಳಿದರೆ ನೀನು ಪೌಲನನ್ನು ಅರ್ಧಕ್ಕೆ ನಿಲ್ಲಿಸಿದ್ದೀಯೋ ಏನೋ ಅನ್ನಿಸುತ್ತದೆ. ಎಫೆಸದವರಿಗೆ ಬರೆದ ಪತ್ರಿಕೆ 2:8, 9 ನಮಗೆ ಬಾಯಿಪಾಠ. 10ನೆಯದನ್ನೂ ಜೊತೆಗೆ ಓದು. ವಿಭಕ್ತಿ ಗಮನಿಸು: ಕೃಪೆಯಿಂದ, ನಂಬಿಕೆಯ ಮೂಲಕ, ಸತ್ಕ್ರಿಯೆಗಳಿಗಾಗಿ. ನಾನು ಮೊದಲಿನ 'ಇಂದ'ವನ್ನು ಕೊನೆಯದಕ್ಕೆ ಅಂಟಿಸಿಕೊಂಡು ಬದುಕಿದೆ. ಸತ್ಕ್ರಿಯೆಗಳಿಂದ. ಇಷ್ಟೇ ಎಡವಟ್ಟು. ಆದರೆ ಅದರಲ್ಲೇ ಇಪ್ಪತ್ತು ವರ್ಷ ಹೋಯಿತು.

ಹಾಗಂತ ನೀನು ಬರೆದಿದ್ದ ಆ ಅಜ್ಜಿಯನ್ನು ನೋಡಿಕೊಳ್ಳುವುದನ್ನು ಬಿಡಬೇಡ. ಭಯದಿಂದ ಮಾಡ್ತಿದ್ದೀನೇನೋ, ಇದು ನಿಜವಾದ ಪ್ರೀತಿ ಅಲ್ಲವೇನೋ ಅಂತ ಕೊರಗಬೇಡ. ನೀನು ಭಯದಿಂದ ಒರೆಸಿದರೂ ಅವರ ಬೆನ್ನು ಒಣಗಿತಲ್ಲ. ಯಾಕೋಬ ಕೇಳುವುದೂ ಅದನ್ನೇ ಅಲ್ವಾ, ಚಳಿಯಲ್ಲಿ ನಿಂತವನಿಗೆ 'ಬೆಚ್ಚಗಿರು' ಅಂತ ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ.

ರಾತ್ರಿ ದಿನದ ಲೆಕ್ಕ ನೋಡ್ತೀನಿ ಅಂತ ಬರೆದಿದ್ದೀಯ. ಅದನ್ನು ಒಂದು ವಾರ ಬಿಟ್ಟು ನೋಡ್ತೀಯಾ? ಹೇಳುವುದಕ್ಕೆ ನಾನ್ಯಾರು, ನಿಜ. ಮತ್ತಾಯ 25ರಲ್ಲಿ, ಕಡೆಯ ತೀರ್ಪಿನ ಹೊತ್ತಿಗೆ, ಒಳ್ಳೆಯವರೆಂದು ದೇವರ ಬಲಗಡೆ ನಿಂತವರು 'ನಿನಗೆ ನಾವು ಯಾವಾಗ ಊಟ ಕೊಟ್ಟೆವು ಸ್ವಾಮೀ?' ಅಂತ ಕೇಳ್ತಾರೆ. ಅವರ ಹತ್ತಿರ ಪುಸ್ತಕವೇ ಇರಲಿಲ್ಲ ಅಂತ ನನಗೆ ಹೊಳೆದದ್ದು ತೀರಾ ತಡವಾಗಿ. ವಾರಕ್ಕೆ ಎರಡು ಉಪವಾಸ, ಆದಾಯದಲ್ಲಿ ಹತ್ತನೇ ಒಂದು ಅಂತ ದೇವಾಲಯದಲ್ಲಿ ಲೆಕ್ಕ ಒಪ್ಪಿಸಿದವನು ಲೂಕನ 18ರ ಆ ಫರಿಸಾಯ, ನೇಮನಿಷ್ಠೆಯ ಯೆಹೂದ್ಯ. ಪಕ್ಕದ ಸುಂಕದವನು ಎದೆ ಬಡಿದುಕೊಂಡು, ಪಾಪಿಯಾದ ನನ್ನನ್ನು ಕರುಣಿಸು ಅಂತ ಒಂದೇ ಮಾತು ಹೇಳಿ, ನೀತಿವಂತನಾಗಿ ಮನೆಗೆ ಹೋದ.

ಇಷ್ಟು ಹೇಳಿದ ಮೇಲೂ 'ಕಡಿಮೆ ಬಿದ್ದರೆ' ಅಂತ ಮತ್ತೆ ಅನ್ನಿಸುತ್ತದೆ, ಗೊತ್ತು. ನನಗೂ ಒಮ್ಮೊಮ್ಮೆ ಅನ್ನಿಸುತ್ತದೆ, ಈ ವಯಸ್ಸಲ್ಲೂ. ಆಗ 'ನಂಬ್ತೀನಿ, ನನ್ನ ಅಪನಂಬಿಕೆಗೆ ನೀನೇ ಸಹಾಯ ಮಾಡು' ಅಂತ ಮಾರ್ಕನ ಸುವಾರ್ತೆಯಲ್ಲಿ, ದೆವ್ವ ಹಿಡಿದ ಮಗನನ್ನು ಯೇಸುವಿನ ಹತ್ತಿರ ಕರೆತಂದ ತಂದೆ ಹೇಳಿದ ಮಾತನ್ನೇ ಹೇಳಿಕೊಂಡು ಮಲಗ್ತೀನಿ. ನಿದ್ದೆ ಬಂದರೆ ಬಂತು.

ಪುಸ್ತಕ ಇನ್ನೂ ಟ್ರಂಕ್‌ನಲ್ಲಿದೆ. ಅದರ ವಿಷಯ ನಿಮ್ಮಪ್ಪನಿಗೆ ಗೊತ್ತಿಲ್ಲ. ನಾನೇ ಹೇಳಬೇಕು, ನೀನು ಮೊದಲೇ ಹೇಳಿಬಿಡಬೇಡ.

ನಿನ್ನ
ದೊಡ್ಡಪ್ಪ